ದ್ರೌಪತಿ ಅತ್ತಿ ಜಾಲಿಯೊಳಗೆ ನೆಟ್ಟ ಗಿಡಗಳು

ಮೋರಖಂಡಿಯ ಗಾಯರಾಣದ ಅಂಚಿಗೆ ನಿಂತರೆ ಈಗ ಆಚೆಯ ಡಾಂಬರು ರಸ್ತೆ ಕಾಣುತ್ತದೆ. ಕಬ್ಬು ಹೇರಿಕೊಂಡು ಹಳ್ಳಿಖೇಡದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಕಾಣುತ್ತವೆ. ನಾನು ಸಣ್ಣವಳಿದ್ದಾಗ ಅವು ಬರೀ ಕೇಳಿಸುತ್ತಿದ್ದವು. ಊರ ದನಕರು ಮೇಯಲೆಂದು ಬಿಟ್ಟ ಆ ನಲವತ್ತು ಎಕರೆಯ ತುಂಬ ಜಾಲಿ ನಿಂತಿತ್ತು. ಶಾಲೆಯ ಪುಸ್ತಕದಲ್ಲಿ ಅದು ಬಳ್ಳಾರಿ ಜಾಲಿ. ನಮ್ಮೂರಲ್ಲಿ ಸರ್ಕಾರಿ ಜಾಲಿ. ಕಡಿದರೆ ಬುಡದಿಂದ ನಾಲ್ಕು ಟಿಸಿಲು, ಸುಟ್ಟರೆ ಎಂಟು. ಊರವರೆಲ್ಲ ಅದನ್ನು ಬೈಯುತ್ತಲೇ ಅದರ ಕಟ್ಟಿಗೆಯಲ್ಲಿ ಅಡುಗೆ ಮಾಡಿ ಉಣ್ಣುತ್ತಿದ್ದರು.

ಬೈಯದೆ ಇದ್ದವಳು ನಮ್ಮ ದ್ರೌಪತಿ ಅತ್ತಿ ಒಬ್ಬಳೇ.

ಅತ್ತಿ ಎಂದರೆ ನನ್ನ ಅಪ್ಪ ದೇವಿದಾಸನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಾಗ ತವರಿಗೆ ಬಂದು ಎರಡು ಆಡು ಕಟ್ಟಿದಳು. ಅವು ಹನ್ನೊಂದಾದವು, ಹದಿನಾರಾದವು, ಬರ ಬಂದಾಗ ಐದಕ್ಕಿಳಿದವು. ಆಕೆಯ ಆಯುಷ್ಯವನ್ನು ವರ್ಷದ ಬದಲು ಆಡಿನಲ್ಲಿ ಎಣಿಸಬಹುದು. ಅಪ್ಪನಿಗೆ ಕಲಬುರಗಿಯಲ್ಲಿ ಜವಾನನ ನೌಕರಿ ಸಿಕ್ಕಿತ್ತು. ನಾನು ಅಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಬೂಟು ಹಾಕಿಕೊಂಡು ಓದಿದವಳು. ಮೇ ತಿಂಗಳು ಬಂದರೆ ಮಾತ್ರ ಬಸವಕಲ್ಯಾಣದ ಬಸ್ಸು, ಅಲ್ಲಿಂದ ಟಂಟಂ, ಆಮೇಲೆ ಅತ್ತಿಯ ಅಂಗಳ.

ಬೆಳಗಾಗುತ್ತಲೇ ಅತ್ತಿ ಆಡಿನ ದೊಡ್ಡಿ ಗುಡಿಸುತ್ತಿದ್ದಳು. ಗುಡಿಸಿದ್ದನ್ನು ತಿಪ್ಪೆಗೆ ಎಸೆಯುವ ಮೊದಲು ಕುಕ್ಕರುಗಾಲಲ್ಲಿ ಕುಳಿತು ಬೆರಳಿಂದ ಕೆದಕಿ ಏನನ್ನೋ ಆರಿಸಿ ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಿದ್ದಳು. ಬಾರಿಹಣ್ಣಿನ ಬೀಜ, ಶಾಲೆಯ ಪುಸ್ತಕದಲ್ಲಿ ಎಲಚಿ. ಆಡು ಚಳಿಗಾಲದಲ್ಲಿ ಹಣ್ಣು ನುಂಗುತ್ತದೆ, ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತದೆ. ದೊಡ್ಡಿಯ ಮೂಲೆಯಲ್ಲಿ ಅವು ಮೇ ತಿಂಗಳವರೆಗೂ ಸಿಗುತ್ತಿದ್ದವು. "ಥೂ, ಎಂಜಲು," ಎಂದು ನಾನು ಮೂಗು ಮುಚ್ಚಿದರೆ ಅತ್ತಿ ನಗುತ್ತಿದ್ದಳು. "ಆಡಿನ ಎಂಜಲ ತೊಳೀಬೇಕಾಗಂಗಿಲ್ಲವ್ವಿ. ನಿಮ್ಮ ಶಾಲಿ ಡಬ್ಬಿ ತೊಳೀಬೇಕು."

ಆಮೇಲೆ ನಾವು ಜಾಲಿಯೊಳಗೆ ಹೋಗುತ್ತಿದ್ದೆವು. ಹೊರಗಿನಿಂದ ಅದು ಬರೀ ಮುಳ್ಳಿನ ಗೋಡೆ. ಆದರೆ ಆಡುಗಳು ಮಾಡಿಕೊಂಡ ದಾರಿಗಳಿದ್ದವು, ಸೊಂಟ ಬಗ್ಗಿಸಿದರೆ ಮಾತ್ರ ಕಾಣುವಂಥವು. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಊರು ಮುಚ್ಚಿಹೋಗುತ್ತಿತ್ತು. ಸಣ್ಣ ಸಣ್ಣ ಎಲೆಗಳ ನಡುವೆ ಬಿಸಿಲು ಜರಡಿ ಹಿಡಿದಂತೆ ಬೀಳುತ್ತಿತ್ತು. ಮಾಗಿ ಹಳದಿಯಾದ ಜಾಲಿಕಾಯಿಯ ಸಿಹಿ ವಾಸನೆ. ಬೆಲ್ಲದ ಡಬ್ಬಿಯ ತಳ ಮೂಸಿದಂತೆ. ಅತ್ತಿ ಉದ್ದ ಬಡಿಗೆಗೆ ಕುಡಗೋಲು ಕಟ್ಟಿ ಟೊಂಗೆ ಜಗ್ಗಿದರೆ ಕಾಯಿ ಉದುರುತ್ತಿದ್ದವು, ಆಡುಗಳು ಕಟಕಟ ಅಗಿಯುತ್ತಿದ್ದವು. ಇಂದಿಗೂ ಯಾರ ಮನೆಯಲ್ಲಾದರೂ ಗೇರುಬೀಜ ಅಗಿಯುವ ಸಪ್ಪಳ ಕೇಳಿದರೆ ನನ್ನ ಕಣ್ಣ ಮುಂದೆ ಆ ನೆರಳು ಬರುತ್ತದೆ.

ಜಾಲಿಯೊಳಗೆ ಬೇರೇನೂ ಬೆಳೆಯುವುದಿಲ್ಲ ಎನ್ನುತ್ತಾರೆ. ಬೆಳೆಯುತ್ತಿತ್ತು. ಅಂಚಿನಲ್ಲಿ ತಂಗಡಿ, ಎಕ್ಕಿ, ಉತ್ತರಾಣಿ. ಅವು ಯಾರೂ ಕರೆಯದೆ ಬಂದವು. ಒಳಗಡೆ, ಜಾಲಿಯ ಟೊಂಗೆ ಬಾಗಿ ನೆಲ ಮುಟ್ಟಿ ಪಂಜರದಂತಾದ ಕಡೆ, ಬಾರಿ, ಕವಳಿ, ಸೀತಾಫಲ, ಬೇವು. ಕೆಲವು ಹಕ್ಕಿ ಹಾಕಿದವು. ಹೆಚ್ಚಿನವು ಅತ್ತಿ ಹಾಕಿದವು. ಬಡಿಗೆಯ ತುದಿಯಿಂದ ಆ ಪಂಜರದೊಳಗೆ ತೂತು ಮಾಡಿ ಸೆರಗಿನ ಗಂಟು ಬಿಚ್ಚಿ ಎರಡೆರಡು ಬೀಜ ಬಿಟ್ಟು, ಹಿಮ್ಮಡಿಯಿಂದ ಮಣ್ಣೆಳೆದು ಮುಂದೆ ಹೋಗುವಳು. ನೀರಿಲ್ಲ, ಗೊಬ್ಬರವಿಲ್ಲ.

"ಬಯಲಾಗ ಹಾಕಬಾರ್ದೇನು ಅತ್ತಿ?"

"ಬಯಲಾಗ ಹಾಕಿದ್ರ ನನ್ನ ಆಡೇ ತಿಂತಾವ. ಈ ಜಾಲಿ ಯಾರ ಮಾತೂ ಕೇಳಂಗಿಲ್ಲ, ಖರೇ. ಆದ್ರ ಕಾವಲ ಬರೋಬ್ಬರಿ ಕಾಯ್ತದ."

ಈ ವಿದ್ಯೆಯನ್ನು ಆಕೆಗೆ ಒಂದು ತಪ್ಪು ಕಲಿಸಿತ್ತು. ಅತ್ತಿಗೆ ಆಗ ಇಪ್ಪತ್ತೈದೂ ಆಗಿರಲಿಲ್ಲ. ರಾಶಿ ಮುಗಿದ ಹೊಲದಲ್ಲಿ ಆಡು ತರುಬುವುದು ನಮ್ಮ ಕಡೆಯ ರೂಢಿ. ಹಿಂಡನ್ನು ಕೆಲವು ದಿನ ಅಲ್ಲೇ ಕೂಡಿಹಾಕಿದರೆ ಹಿಕ್ಕೆಯೇ ಗೊಬ್ಬರ. ಸಾವಕಾರರ ಹೊಲದಲ್ಲಿ ಅತ್ತಿ ಮೇ ತಿಂಗಳಲ್ಲಿ ಆಡು ತರುಬಿದಳು. ಹಗಲೆಲ್ಲ ಜಾಲಿಕಾಯಿ ತಿಂದ ಆಡುಗಳು. ಬೀಜ ಹೊಟ್ಟೆಯಲ್ಲಿ ಸಾಯುವುದಿಲ್ಲ, ಇನ್ನೂ ಹದವಾಗಿ ಹೊರಬರುತ್ತದೆ. ಮಳೆ ಬಿದ್ದ ಮೇಲೆ ಹೊಲದ ತುಂಬ ತೊಗರಿಗಿಂತ ಮೊದಲು ಜಾಲಿ ಮೊಳೆಯಿತು. ಬೇರೆ ಯಾರ ಮೇಲಾದರೂ ಹೊರಿಸಬಹುದಿತ್ತು. ಆ ಹೊಲದಲ್ಲಿ ಆ ವರ್ಷ ಇನ್ನೂ ಇಬ್ಬರು ಕುರಿ ತರುಬಿದ್ದರಂತೆ. ಅತ್ತಿ ಸಾವಕಾರರ ಕಟ್ಟೆಯ ಮುಂದೆ ನಿಂತು, "ನನ್ನ ಆಡೇ ಮಾಡ್ಯಾವ್ರಿ," ಎಂದಳು. ಎರಡು ಮಳೆಗಾಲ ಒಬ್ಬಳೇ ಕುಳಿತು ಒಂದೊಂದು ಸಸಿ ಬೇರು ಸಮೇತ ಕಿತ್ತಳು. ಬದುವಿನ ಕಂಟಿಗಳ ನೆರಳಲ್ಲಿ ಮಾತ್ರ ಜಾಲಿ ಮೊಳೆಯದ್ದನ್ನು ಆಕೆ ಕಂಡದ್ದು ಆಗಲೇ.

ನಾನು ಹೇಳಹೊರಟಿದ್ದು ಎರಡು ವರ್ಷದ ಹಿಂದಿನ ಮೇ ತಿಂಗಳ ಮಾತು. ಆಗ ನಾನು ಹುಮನಾಬಾದಿನಲ್ಲಿ ಸಂಸಾರಸ್ಥೆ. ಮಗಳು ಸುಮೇಧಾಳಿಗೆ ಒಂದೂವರೆ ವರ್ಷ. ಗಂಡ ಸಂಘರತ್ನ ಮೂರು ವಾರದ ತರಬೇತಿಗೆ ಹೋದ. ಕೂಸಿನೊಂದಿಗೆ ಒಬ್ಬಳೇ ಇರಲು ನನ್ನಿಂದಾಗಲಿಲ್ಲ. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವ ತಾಯಿ ನಾನು. ಮೋರಖಂಡಿಗೆ ಹೋಗುವಾಗ ಚೀಲದಲ್ಲಿ ಥರ್ಮಾಮೀಟರ್ ಎರಡು ಇದ್ದವು, ಒಂದು ಕೆಟ್ಟರೆ ಇರಲಿ ಎಂದು.

"ಮತ್ತೊಂದು ಚೀಲದಾಗ ದವಾಖಾನಿನೂ ತಂದೀ ಏನ?" ಎಂದಳು ಅತ್ತಿ, ಕೂಸನ್ನು ನನ್ನ ಕೈಯಿಂದ ಕಸಿದುಕೊಳ್ಳುತ್ತ.

ಆದರೆ ಆ ಸಲ ಅತ್ತಿಯ ನಗು ಬೇಗ ಆರಿತು. ಪಂಚಾಯತಿಯವರು ಗಾಯರಾಣ ಹಸನು ಮಾಡಿಸುವವರಿದ್ದರು. ಜೆಸಿಬಿ ತಂದು ಜಾಲಿಯನ್ನೆಲ್ಲ ಬೇರು ಸಮೇತ ಎತ್ತಿ, ಮಳೆಗಾಲಕ್ಕೆ ಹೊಸ ಸಸಿ ನೆಡುವ ಯೋಜನೆ. ಊರಿಗೆಲ್ಲ ಖುಷಿ. ಕಾಗದದಲ್ಲಿ ಅಲ್ಲಿ ಇದ್ದದ್ದು ಜಾಲಿ ಮಾತ್ರ. ಅತ್ತಿಯ ಲೆಕ್ಕದಲ್ಲಿ ಜಾಲಿಯ ಹೊಟ್ಟೆಯೊಳಗೆ ಮೂವತ್ತೊಂದು ಬೇರೆ ಗಿಡಗಳಿದ್ದವು. ಕೆಲವು ತಲೆಯೆತ್ತಿದ್ದವು, ಹಲವು ಇನ್ನೂ ಎದೆಮಟ್ಟ. ಜೆಸಿಬಿಯ ಬಾಯಿಗೆ ಜಾಲಿ ಯಾವುದು, ಕವಳಿ ಯಾವುದು ಹೇಗೆ ಗೊತ್ತಾಗಬೇಕು? ಅವು ಉಳಿಯಬೇಕು, ಆಕೆಗೆ ಬೇರೆ ಮಾತೇ ಇರಲಿಲ್ಲ.

ಪಕ್ಕದ ಓಣಿಯ ಗಯಾಬಾಯಿ ಅತ್ತಿಯ ಜೊತೆ ಮೂವತ್ತು ವರ್ಷ ಆಡು ಕಾಯ್ದವಳು. ಆಕೆ ಎಲೆಯಡಿಕೆ ಮೆಲ್ಲುತ್ತ ಒಂದೇ ಮಾತಿನಲ್ಲಿ ಪರಿಹಾರ ಹೇಳಿದಳು.

"ಅದರಾಗ ಏನದ? ಒಂದೊಂದಕ್ಕ ಕೆಂಪ ಅರಿವಿ ಕಟ್ಟು, ಬುಡಕ್ಕೊಂದ ಕಲ್ಲ ನಿಂದ್ರಿಸಿ ಕುಂಕುಮ ಹಚ್ಚು. ಮುಟ್ಟಿದವನ ಕೈ ಬಿದ್ದ ಹೋಗ್ತಾವ ಅಂತ ನಾ ಊರಾಗ ಹೇಳಿ ಬರ್ತೀನಿ."

"ಇಲ್ಲದ ದೇವ್ರ ಹುಟ್ಟಸ್ಲೇನು?"

"ಹುಟ್ಟಸು. ನಿನಗೇನ ಬ್ಯಾನಿ ತಿನ್ನೂದದ ಏನ?"

ಅತ್ತಿ ನಕ್ಕಳು, ಆದರೆ ತಲೆಯಾಡಿಸಲಿಲ್ಲ. "ನಮ್ಮಪ್ಪ ಬೌದ್ಧ ಧಮ್ಮ ತಗೊಂಡ ದಿನ ಜಗಲಿ ಮ್ಯಾಲಿನ ದೇವ್ರನ್ನ ಬುಟ್ಟಿಯಾಗ ಹೊತ್ತು ಹೊಳಿಗಿ ಬಿಟ್ಟು ಬಂದಾನ. ಅವ ಬಿಟ್ಟದ್ದನ್ನ ನಾ ಬಾರಿ ಗಿಡಕ್ಕ ಕರ್ಕೊಂಡ ಬರ್ಲ್ಯಾ? ಗಿಡ ಗಿಡ ಅಂತ ಉಳೀಬೇಕು, ಗಯಾ."

"ಉಳಿಯಂಗಿಲ್ಲಲ್ಲ!"

"ಉಳೀಲಿಲ್ಲಂದ್ರ ಉಳೀಲಿಲ್ಲ."

ಹಾಗೆಂದವಳು ಮಧ್ಯಾಹ್ನ ಉಣ್ಣಲಿಲ್ಲ. ನನಗೆ ತಡೆಯಲಾಗಲಿಲ್ಲ. ಯಾವುದಕ್ಕೂ ತಡೆಯಲಾಗದ ಸ್ವಭಾವ ನನ್ನದು. ಕೂಸು ಒಮ್ಮೆ ಸೀನಿದರೆ ಮೂವರು ಡಾಕ್ಟರಿಗೆ ಫೋನು ಮಾಡುತ್ತೇನೆ. ಮರುದಿನ ಬೆಳಿಗ್ಗೆ, ಜೆಸಿಬಿ ಬರುವ ಮೊದಲು, ಅತ್ತಿ ಹಾಲು ಕರೆಯುತ್ತಿದ್ದಾಗ, ಹೊಸ ಕೆಂಪು ಬ್ಲೌಸ್ ಪೀಸನ್ನು ಹರಿದು ಚೂರು ಮಾಡಿ ಗಯಾಬಾಯಿಯ ಮನೆಯಿಂದ ಕುಂಕುಮ ತಂದು ಜಾಲಿಯೊಳಗೆ ಹೋದೆ. ಕುಂಕುಮದ ಕರಡಿಗೆ ಕೊಡುವಾಗ ಗಯಾಬಾಯಿಯ ಮುಖದಲ್ಲಿ ಗೆದ್ದ ಕಳೆ ಇತ್ತು. ಏಳು ಗಿಡಕ್ಕೆ ಬಟ್ಟೆ ಕಟ್ಟಿ ಬುಡಕ್ಕೆ ಕುಂಕುಮದ ಕಲ್ಲು ನಿಲ್ಲಿಸುವಷ್ಟರಲ್ಲಿ ಒಂದು ಮುಳ್ಳು ಚಪ್ಪಲಿಯ ಅಟ್ಟೆ ದಾಟಿ ಹಿಮ್ಮಡಿಗೆ ನೆಟ್ಟಿತು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ತಿಂಗಳಾಯಿತು ಎಂದು ಎಣಿಸುತ್ತ ಕುಂಟುತ್ತ ಹೊರಬಂದೆ.

ಜೆಸಿಬಿ ಬಂತು. ಓಡಿಸುವವನ ಹೆಸರು ಶ್ರೀಮಂತ, ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಆಸಾಮಿ, ಗಟ್ಟಿ ಮೀಸೆಯವನು. ಜೊತೆಗೆ ಪಂಚಾಯತಿ ಮೆಂಬರ್ ಮಹಾರುದ್ರಪ್ಪ. ಅಂದು ಅತ್ತಿ ಜಾಲಿ ಕಿತ್ತ ಹೊಲದ ಸಾವಕಾರರ ಮಗ, ಈಗ ತಾನೇ ಸಾವಕಾರ. ಯಂತ್ರ ಹತ್ತು ಮಾರು ಒಳಗೆ ನುಗ್ಗಿ ಥಟ್ಟನೆ ನಿಂತಿತು. ಶ್ರೀಮಂತ ಇಳಿದು ಚಪ್ಪಲಿ ಕಳಚಿ ಕೈ ಮುಗಿದ.

"ಸಾವಕಾರ್ರ, ದೇವ್ರ ಗಿಡ ಅದ. ನಾ ಕೈ ಹಚ್ಚಂಗಿಲ್ರಿ. ಮನ್ಯಾಗ ಹೆಂಡ್ತಿಗಿ ದಿನ ತುಂಬ್ಯಾವ."

ನನ್ನ ಎದೆ ಹಗುರಾಯಿತು. ಗಯಾಬಾಯಿ ನನ್ನ ಪಕ್ಕೆಗೆ ತಿವಿದಳು. ಅಷ್ಟರಲ್ಲಿ ಅತ್ತಿ ನಮ್ಮನ್ನು ದಾಟಿ ಹೋದಳು. ಕೆಂಪು ಬಟ್ಟೆ ನೋಡಿದಳು, ಕಲ್ಲು ನೋಡಿದಳು, ಒಮ್ಮೆ ತಿರುಗಿ ನನ್ನನ್ನೂ ನೋಡಿದಳು. ಬೈಯಲಿಲ್ಲ. ಬಗ್ಗಿ ಗಂಟು ಬಿಚ್ಚಿ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಲ್ಲಿ ಯಾವ ದೇವ್ರೂ ಇಲ್ಲೋ ತಮ್ಮಾ. ಇದು ಕವಳಿ ಕಂಟಿ. ನನ್ನ ಸೊಸಿ ಅಂಜಿ ಕಟ್ಯಾಳ. ಆಕಿ ಎಲ್ಲಾದಕ್ಕೂ ಅಂಜತಾಳ."

ನಮ್ಮಲ್ಲಿ ತಮ್ಮನ ಮಗಳೂ ಸೊಸೆಯೇ. ಆ ಹೊತ್ತಿಗೆ ಅತ್ತಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮುಳ್ಳು ನೆಟ್ಟ ಹಿಮ್ಮಡಿಯ ನೋವೂ ಮರೆಯಿತು. ಉಳಿದಿತ್ತಲ್ಲ! ಒಂದು ಸುಳ್ಳಿಗೆ ಏಳು ಗಿಡ ಉಳಿದಿದ್ದವಲ್ಲ!

"ಹಂಗಾದ್ರ ಹೊಡಿ ಮಷೀನ," ಎಂದ ಮಹಾರುದ್ರಪ್ಪ.

"ಹೊಡೀಲಿ. ಅದಕ್ಕಿಂತ ಮೊದಲ ಇಲ್ಲಿ ಜರಾ ಬಗ್ಗರಿ," ಎಂದಳು ಅತ್ತಿ.

ಕವಳಿಯ ಬುಡಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಆತನ ಅಂಗೈಗೆ ಹಾಕಿದಳು. ಮೇ ತಿಂಗಳ ಮಣ್ಣು. ಆದರೂ ಕಪ್ಪಗೆ, ಮುದ್ದೆ ಕಟ್ಟುವಷ್ಟು ತೇವ. ಪಕ್ಕದ ಬಯಲಿನದನ್ನು ಇನ್ನೊಂದು ಕೈಗೆ ಹಾಕಿದಳು. ಕೆಂಪು ಹುಡಿ, ಬೆರಳ ಸಂದಿಯಿಂದ ಸೋರಿತು.

"ನೀವು ಜಾಲಿ ಕಿತ್ತು ಸಸಿ ಹಚ್ಚತೀರಿ, ಚಲೋ ಆತು. ಆದ್ರ ನೆಲದಾಗ ಜಾಲಿ ಬೀಜ ಇನ್ನಾ ಇಪ್ಪತ್ತ ವರ್ಷಕ್ಕಾಗೋಷ್ಟದ. ಬಯಲಾತಂದ್ರ ಎಲ್ಲಾ ಒಮ್ಮೆ ಏಳ್ತದ. ಈ ಕಂಟಿ ಬುಡಕ ನೋಡ್ರಿ, ಒಂದ ಜಾಲಿ ಮೊಳಕಿ ತೋರಸ್ರಿ ನನಗ."

ಮಹಾರುದ್ರಪ್ಪ ಮೆಂಬರ್ ಆಗುವ ಮೊದಲು ಒಕ್ಕಲುತನದವನು. ಮಣ್ಣನ್ನು ಮೂಸಿದ. ನಿಜಕ್ಕೂ ಬಗ್ಗಿ, ತರಗೆಲೆ ಸರಿಸಿ ಹುಡುಕಿದ. ಇರಲಿಲ್ಲ. ಶ್ರೀಮಂತ ಈ ನಡುವೆ ಕಪ್ಪಗೆ ಮಾಗಿದ ಕವಳಿಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಏ, ದೇವ್ರ ಗಿಡ ಅಂದಿ, ಈಗ ತಿನ್ನಾಕತ್ತೀ?" ಎಂದಳು ಗಯಾಬಾಯಿ.

"ಈಗ ದೇವ್ರಿಲ್ಲ ಅಂದಾರಲ್ರಿ ಅವ್ವಾರು," ಎಂದು ಆತ ಇನ್ನೊಂದು ಹಿಡಿ ಕಿತ್ತ.

ಮಹಾರುದ್ರಪ್ಪ ಕೈ ಕೊಡವಿಕೊಂಡು ಎದ್ದ. "ದ್ರೌಪತಿಬಾಯಿ, ನಮ್ಮಪ್ಪನ ಮುಂದ ಬಂದು ನಿಂತಾಗ ನಾನೂ ಕಟ್ಟಿ ಮ್ಯಾಲೇ ಕುಂತಿದ್ದೆ. ಈಕಿ ಸುಮ್ಮ ಯಾಕ ಕುಂದ್ರಲಿಲ್ಲ ಅನಿಸಿತ್ತು. ಇವತ್ತೂ ಹಂಗೇ ಅನಸಾಕತ್ತದ." ಆತ ರಸ್ತೆಯ ಕಡೆಗೆ ಕೈ ತೋರಿಸಿದ. "ಮಷೀನಿಗಿ ಒಂದೊಂದ ಕಂಟಿ ಬಿಟ್ಟು ಕೀಳಾಕ ಬರಂಗಿಲ್ಲ. ಅಂವ ರಸ್ತಿ ಕಡಿಯಿಂದ ಕಿತ್ಕೊಂತ ಬರಲಿ. ಇಲ್ಲಿಗಿ ಮುಟ್ಟಾಕ ಆರ ದಿನ ಬೇಕು. ಅಷ್ಟರಾಗ ಸುತ್ತಲಿನ ಜಾಲಿ ಕಡದು ಯಾವ ಗಿಡ ಬಿಡಿಸಿ ಎದ್ದ ಕಾಣೂ ಹಂಗ ಮಾಡ್ತೀ, ಅವು ಉಳೀತಾವ. ಉಳಿದದ್ದು ನನಗ ಕೇಳಬ್ಯಾಡ."

ಆರು ದಿನ. ಅತ್ತಿ ಕೊಡಲಿ, ಗಯಾಬಾಯಿ ಕುಡಗೋಲು, ನಾನು ಕಡಿದ ಟೊಂಗೆ ಎಳೆಯುವವಳು. ಕೂಸನ್ನು ಬೇವಿನ ನೆರಳಿನ ಜೋಳಿಗೆಯಲ್ಲಿ ಹಾಕಿ ಹತ್ತು ನಿಮಿಷಕ್ಕೊಮ್ಮೆ ಓಡುತ್ತಿದ್ದೆ. ಚೇಳು ಬಂತೇ, ಇರುವೆ ಹತ್ತಿತೇ, ಬಿಸಿಲು ಸರಿಯಿತೇ. ಮಧ್ಯಾಹ್ನ ಯಂತ್ರದ ಸಪ್ಪಳ ರಸ್ತೆ ಕಡೆಯಿಂದ ಕೇಳುತ್ತಿತ್ತು. ಪ್ರತಿದಿನ ಇಷ್ಟಿಷ್ಟೇ ಹತ್ತಿರ. ಜಾಲಿ ಕಡಿಯುವುದು ಬೇರೆ ಮರ ಕಡಿದಂತಲ್ಲ. ಒಂದು ಟೊಂಗೆ ಬಿಡಿಸಿದರೆ ಅದು ಇನ್ನೆರಡನ್ನು ಹಿಡಿದುಕೊಂಡಿರುತ್ತದೆ. ಒಂದು ಗಿಡ ಹೊರತೆಗೆಯಲು ಅರ್ಧ ದಿನ ಹೋಗುತ್ತಿತ್ತು. ಎರಡನೇ ದಿನ ಸಂಜೆಗೇ ಗೊತ್ತಾಯಿತು, ಮೂವತ್ತೊಂದು ಆಗುವ ಮಾತಲ್ಲ.

ಅಲ್ಲಿಂದ ಅತ್ತಿ ಆರಿಸತೊಡಗಿದಳು. ನಾನು ದೊಡ್ಡ ಬಾರಿ ಗಿಡದ ಹತ್ತಿರ ಹೋಗಿ ನಿಂತೆ. ನನ್ನ ಬಾಲ್ಯದ ಗಿಡ ಅದು. ಅದರ ಬುಡದಲ್ಲಿ ಅತ್ತಿ ರೊಟ್ಟಿ ಬಿಚ್ಚುತ್ತಿದ್ದಳು. ಹಸಿ ಮೆಣಸಿನಕಾಯಿ ಹಿಂಡಿ, ಉಳ್ಳಾಗಡ್ಡಿ. ನಾನು ಆಡಿನ ಕಿವಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆ.

"ಅದನ್ನ ಬಿಡು," ಎಂದಳು ಅತ್ತಿ.

"ಬಿಡು ಅಂದ್ರ?"

"ಬಾರಿ ಎಲ್ಲಿ ಬೇಕಾದಲ್ಲಿ ಹುಟ್ತದ. ಹಕ್ಕಿ ಒಂದ ಉಗುಳಿದ್ರ ಸಾಕು. ಬಾ ಇಲ್ಲಿ."

ಆಕೆ ಕರೆದೊಯ್ದದ್ದು ನನಗೆ ಗುರುತೂ ಇಲ್ಲದ ಒಂದು ಕುಳ್ಳ ಗಿಡದ ಬಳಿ. ಮೊಗ್ಗಿನ ತುದಿಗೆ ಹಳದಿ ಅಂಟಿನ ಹನಿ ನಿಂತಿತ್ತು. ಬಿಕ್ಕಿ ಎಂದಳು. ಅದರಾಚೆ ಎರಡು ಕಾರಿ ಕಂಟಿ, ಕಾರೆಹಣ್ಣಿನ ಗಿಡಗಳು. ಅವ್ವನ ಕಾಲದಲ್ಲಿ ಗುಡ್ಡದ ತುಂಬ ಇದ್ದವಂತೆ. ಈಗ ಆಕೆ ತಿರುಗಿದ ಸೀಮೆಯಲ್ಲೆಲ್ಲ ಇವು ಮೂರೇ. ಬಿಕ್ಕಿಯ ಬೀಜ ಹುಡುಕಿ ತರಲು ಚಿಂಚೋಳಿ ಕಡೆಯ ಅಡವಿಗೆ ನಡೆದು ಹೋಗಿದ್ದಳಂತೆ, ನಾನು ಹುಟ್ಟುವ ಮೊದಲು. ಒಂದೂವರೆ ದಿನ ಆ ಮೂರಕ್ಕೇ ಹೋಯಿತು. ಬಾರಿ ಗಿಡದ ಸರದಿ ಬರಲೇ ಇಲ್ಲ. ಆರನೇ ದಿನ ಯಂತ್ರ ಅದನ್ನು ಎತ್ತಿದಾಗ ನಾನು ಕೂಸಿಗೆ ನೀರು ಕುಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಬೇರು ಹರಿಯುವ ಸಪ್ಪಳ ಮಾತ್ರ ಕೇಳಿತು.

ಹನ್ನೆರಡು ಉಳಿದವು.

ಯಂತ್ರ ಹೋದ ಮೇಲೆ ನಲವತ್ತು ಎಕರೆ ಬಯಲಾಗಿ ಬಿದ್ದಿತ್ತು, ಮುಡಿ ತೆಗೆಸಿಕೊಂಡ ತಲೆಯಂತೆ. ನಡುವೆ ಹನ್ನೆರಡು ಗಿಡ, ನಾಚಿಕೊಂಡಂತೆ. ಆಗ ಅತ್ತಿಯ ಆಡುಗಳು ಅತ್ತ ತಿರುಗಿದವು. ಹುಟ್ಟಿದಾಗಿನಿಂದ ಮುಳ್ಳಿನಾಚೆ ಕಂಡ ಹಸಿರು ಈಗ ಬಾಯಿಗೆ ನೇರ ಸಿಕ್ಕಿತ್ತು. ಅತ್ತಿ ಬಡಿಗೆ ಬೀಸುತ್ತ ಓಡಿದಳು. ಅಷ್ಟು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಆಡು ಮಾರಿಬಿಡು," ಎಂದಳು ಗಯಾಬಾಯಿ.

"ನಿನ್ನವು ಬರಂಗಿಲ್ಲೇನು?"

ಅತ್ತಿ ಕಡಿದು ರಾಶಿ ಹಾಕಿದ್ದ ಜಾಲಿ ಟೊಂಗೆಗಳನ್ನೇ ಎಳೆದು ತಂದು ಒಂದೊಂದು ಗಿಡದ ಸುತ್ತ ಎದೆಮಟ್ಟ ಬೇಲಿ ಒಟ್ಟಿದಳು. ಒಣಗಿದ ಮುಳ್ಳು ಎರಡು ವರ್ಷ ತಡೆಯುತ್ತದೆ, ಆಮೇಲೆ ಗೆದ್ದಲು ತಿನ್ನುತ್ತದೆ. ಅಷ್ಟರಲ್ಲಿ ಗಿಡದ ತಲೆ ಆಡಿನ ಬಾಯಿಗಿಂತ ಮೇಲೆ ಹೋಗಬೇಕು. ನನ್ನ ಕೈಯಲ್ಲಿ ಮೂವತ್ತೆರಡು ಮುಳ್ಳು ಮುರಿದಿದ್ದವು. ಅತ್ತಿ ಸೂಜಿಯಿಂದ ಒಂದೊಂದೇ ತೆಗೆದಳು. ತೆಗೆಯುವಾಗ ಬ್ಲೌಸ್ ಪೀಸಿನ ಚೂರಿನಿಂದಲೇ ನೆತ್ತರು ಒರೆಸಿದಳು. "ಚಲೋ ಅರಿವಿ ಹಾಳ ಮಾಡಿದಿ," ಎಂದಳು. ಅಷ್ಟೇ ಬೈಗುಳ.

ಈ ವರ್ಷ ಸುಮೇಧಾಳಿಗೆ ಮೂರೂವರೆ. ಮೇನಲ್ಲಿ ಮತ್ತೆ ಹೋಗಿದ್ದೆವು. ಪಂಚಾಯತಿ ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಮೊದಲ ಬೇಸಿಗೆಗೇ ಒಣಗಿದ್ದವು. ಮಗಳು ರಸ್ತೆಯ ಲಾರಿ ನೋಡಿ ಕುಣಿದಳು. ನಾನು ಸೊಂಟ ಬಗ್ಗಿಸಿ ಹೋಗುತ್ತಿದ್ದ ದಾರಿ ಎಲ್ಲಿತ್ತೆಂದು ಹುಡುಕಿ ಗುರುತು ಸಿಗದೆ ನಿಂತೆ. ಆ ಜರಡಿ ಬಿಸಿಲು, ಆ ಬೆಲ್ಲದ ವಾಸನೆ ಆಕೆಗೆ ಹೇಗೆ ತೋರಿಸಲಿ?

"ನಿನಗ ಜಾಲಿ ನೆನಪಾಗಂಗಿಲ್ಲೇನ ಅತ್ತಿ?"

"ನೆನಪಾಗಾಕ ಅದೆಲ್ಲಿ ಹೋಗ್ಯಾದ?" ಎಂದು ಆಕೆ ಬಡಿಗೆಯಿಂದ ತೋರಿಸಿದಳು. ಬಯಲಿನ ತುಂಬ ಮೊಣಕಾಲೆತ್ತರದ ಜಾಲಿ, ಎಳೆ ಹಸಿರು. ಉಳಿದ ಗಿಡಗಳ ಬುಡದಲ್ಲಿ ಮಾತ್ರ ಇರಲಿಲ್ಲ.

ಹನ್ನೆರಡರಲ್ಲಿ ಒಂಬತ್ತು ಬದುಕಿವೆ. ಬಿಕ್ಕಿ ಅದರಲ್ಲಿ ಇಲ್ಲ. ಮೊದಲ ಬಿಸಿಲಿಗೇ ಹೋಯಿತಂತೆ. ಹೇಳುವಾಗ ಅತ್ತಿ ಬೇರೆ ಕಡೆ ನೋಡಿದಳು. ಎರಡು ಕಾರಿ ಕಂಟಿ ಇದ್ದವು. ಅವುಗಳ ಸುತ್ತಲ ಬೇಲಿಯನ್ನು ಗೆದ್ದಲು ತಿಂದು ಮುಗಿಸಿತ್ತು. ಅತ್ತಿ ಆ ದಿನ ಮುಂಜಾನೆ ಉಳಿದ ಪುಡಿಮುಳ್ಳನ್ನು ತಾನೇ ಸರಿಸಿ, ಬಡಿಗೆಯನ್ನು ನೆಲಕ್ಕೆ ಹಾಕಿ, ಆಡುಗಳನ್ನು ಕರೆದಳು.

ಹಿಂಡಿನ ಮುಂದಿದ್ದ ಕಪ್ಪು ಆಡು ಬಂದು ಕೆಳಗಿನ ಎಲೆಯೆಲ್ಲ ಬೋಳಿಸಿತು. ಹಿಂಗಾಲ ಮೇಲೆ ಎದ್ದು, ಮುಂಗಾಲು ಕಾಂಡಕ್ಕೆ ಕೊಟ್ಟು, ಕತ್ತು ಚಾಚಿ ಇನ್ನೊಂದು ಗೇಣು ತಿಂದಿತು. ನಾನು ತಡೆಯಲು ಹೋದೆ. ಅತ್ತಿ ನನ್ನ ಕೈ ಹಿಡಿದಳು. "ತಲಿ ಅದರ ಬಾಯಿಗಿ ನಿಲುಕತದೋ ಇಲ್ಲೋ ನೋಡೂಣು," ಎಂದಳು. ಆಡು ನಾಲಿಗೆ ಚಾಚಿತು, ಇನ್ನೂ ಚಾಚಿತು, ಆಮೇಲೆ ದೊಪ್ಪನೆ ಕಾಲು ಊರಿ ಪಕ್ಕದ ತಂಗಡಿಗೆ ಹೋಯಿತು.

ಮೇಲೆ ಒಂದು ಮೊಳದಷ್ಟು ಹಸಿರು ಹಾಗೇ ಉಳಿದಿತ್ತು. ಅತ್ತಿ ಬಡಿಗೆ ಎತ್ತಿ ಅದನ್ನು ಅಳೆದಳು.

"ಒಂದ ಆತು," ಎಂದು ಎರಡನೇ ಕಂಟಿಯ ಕಡೆಗೆ ಆಡು ಹೊಡೆದಳು.